ಚಂದ್ರನ ಮೇಲೊಂದು ದಸ್ತಿ

ಆಳಂದ ಬಸ್‌ಸ್ಟ್ಯಾಂಡಿಗೆ ಬರುವ ಬಸ್ಸು ನಿಲ್ಲುವ ಮೊದಲೇ ತುಂಬಿಬಿಡುತ್ತದೆ. ಜನ ಇನ್ನೂ ಕೆಳಗೇ ಇರುತ್ತಾರೆ, ತುಂಬಿರುವುದು ಬಟ್ಟೆ. ಕಿಟಕಿಯಿಂದ ಒಳಕ್ಕೆ ಬೀಸಿ ಒಗೆದ ದಸ್ತಿ ಎಂಬ ಕೈವಸ್ತ್ರ, ಟವೆಲ್ಲು, ಟೋಪಿ, ತೀರಾ ಅವಸರದಲ್ಲಿದ್ದವರ ಒಂದು ಕಾಲಿನ ಚಪ್ಪಲಿ. ಯಾವ ಸೀಟಿನ ಮೇಲೆ ಯಾರ ದಸ್ತಿ ಬಿತ್ತೋ ಆ ಸೀಟು ಅವರದು. ಇದನ್ನು ಯಾವ ಸರಕಾರವೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಆ ಕಡೆ ಯಾರೂ ಕಂಡೂ ಇಲ್ಲ. ಅಂಗಿಯ ಕಾಲರು ಹಿಡಿದು ಜಗಳವಾಡುವವರು ಸಹ ಇನ್ನೊಬ್ಬರ ದಸ್ತಿಯನ್ನು ಮುಟ್ಟುವುದಿಲ್ಲ.

ಇಂಥ ಸೀಮೆಯಲ್ಲಿ ಹುಟ್ಟಿಯೂ ಮಾದನಹಿಪ್ಪರಗಾದ ಹಿಟ್ಟಿನ ಗಿರಣಿಯ ಕಲ್ಲಿನಾಥನಿಗೆ ದಸ್ತಿ ಒಗೆಯುವ ವಿದ್ಯೆ ಒಲಿಯಲಿಲ್ಲ. ಐವತ್ತೆರಡು ವರ್ಷಗಳಲ್ಲಿ ಅವನ ದಸ್ತಿ ಡ್ರೈವರನ ತಲೆಯ ಮೇಲೆ ಬಿದ್ದಿದೆ, ಬಾಳೆಹಣ್ಣಿನ ಬುಟ್ಟಿಯಲ್ಲಿ ಬಿದ್ದಿದೆ. ಒಮ್ಮೆಯಂತೂ ಈ ಕಿಟಕಿಯಿಂದ ಒಳಹೋಗಿ ಆ ಕಿಟಕಿಯಿಂದ ಹೊರಬಂದು, ಪಕ್ಕದಲ್ಲಿ ನಿಂತಿದ್ದ ಅಫಜಲಪುರದ ಬಸ್ಸಿನ ಸೀಟಿನ ಮೇಲೆ ಸರಿಯಾಗಿ ಬಿತ್ತು. ಜೀವಮಾನದಲ್ಲಿ ಸಿಕ್ಕ ಮೊದಲ ಸೀಟನ್ನು ಬಿಟ್ಟುಕೊಡಲು ಮನಸ್ಸಾಗದೆ ಅವನು ಏನೂ ಕೆಲಸವಿಲ್ಲದಿದ್ದರೂ ಅಫಜಲಪುರಕ್ಕೆ ಹೋಗಿ, ನಿಂತುಕೊಂಡು ವಾಪಸ್ ಬಂದ.

ಅವನು ಹಕ್ಕಿನಿಂದ ಕೂರುತ್ತಿದ್ದ ಜಾಗ ಲೋಕದಲ್ಲಿ ಒಂದೇ: ಗಿರಣಿಯ ಬಾಗಿಲ ಬಳಿಯ ಸ್ಟೂಲು. ಅವನ ಅಪ್ಪ ಕೂತಿದ್ದ ಸ್ಟೂಲು ಅದು, ಹಿಟ್ಟು ಕೂತೂ ಕೂತೂ ಸುಣ್ಣ ಬಳಿದಷ್ಟು ಬೆಳ್ಳಗಾಗಿತ್ತು. ಅದರ ಮೇಲೆ ಕೂತವನು ಯಾರ ಜೋಳದ ಡಬ್ಬಿ ಮೊದಲು, ಯಾರದು ಆಮೇಲೆ ಎಂದು ಹೇಳುತ್ತಾನೆ. ಊರ ಗೌಡರ ಮನೆಯ ಡಬ್ಬಿಗೂ "ಲೈನಾಗ ಇಡ್ರಿ" ಎನ್ನುವ ಧೈರ್ಯ ಕಲ್ಲಿನಾಥನಿಗೆ ಬರುತ್ತಿದ್ದುದು ಅಲ್ಲಿ ಕೂತಾಗ ಮಾತ್ರ. ಇಳಿದನೆಂದರೆ ಅವನ ಮಾತನ್ನು ಅವನ ಗಿರಣಿಯ ಬೆಲ್ಟೂ ಕೇಳುತ್ತಿರಲಿಲ್ಲ.

ಒಂದು ದಿನ ಅವನು ಆಧಾರ್ ಸರಿಪಡಿಸಲು ಆಳಂದದ ಆನ್‌ಲೈನ್ ಸೆಂಟರಿಗೆ ಹೋದ. ಮೂವತ್ತು ವರ್ಷ ಹಿಟ್ಟು ತಿಕ್ಕಿದ ಬೆರಳು, ಗೆರೆಗಳೆಲ್ಲ ಸವೆದುಹೋಗಿದ್ದವು. ಸೆಂಟರಿನ ತಸ್ಲೀಮ ಹತ್ತು ಬೆರಳನ್ನೂ ಒತ್ತಿಸಿದಳು, ಒರೆಸಿ ಒತ್ತಿಸಿದಳು. ಮೆಷಿನ್ನು ಅವನನ್ನು ಮನುಷ್ಯನೆಂದು ಒಪ್ಪಲಿಲ್ಲ. ಅವನ ಮೋರೆ ಸಣ್ಣದಾದದ್ದನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು.

"ಕಾಕಾ, ಅಮೆರಿಕಾದವರು ನಾಕು ಮಂದೀನ ಚಂದ್ರನ ಸುತ್ತ ಕಳಸಾಕತ್ತಾರ. ಹೆಸರು ಕೊಟ್ಟವರ ಹೆಸರೆಲ್ಲಾ ಒಂದು ಸಣ್ಣ ಕಾರ್ಡಿನಾಗ ತುಂಬಿ ಅವರ ಜೋಡಿ ಒಯ್ಯತಾರಂತ. ನಿಮ್ಮದೂ ಹಾಕಲೇನ್ರಿ?"

"ಬೆರಳ ಒತ್ತಬೇಕೇನಮ್ಮಾ?"

"ಏನೂ ಬ್ಯಾಡ್ರಿ. ಹೆಸರಷ್ಟ ಸಾಕು."

ಬೆರಳು ಕೇಳದೆ ತನ್ನನ್ನು ನಂಬಿದ ಮೊದಲ ಸರಕಾರ ಇದೇ ಎಂದು ಕಲ್ಲಿನಾಥನ ಕಣ್ಣು ತೇವವಾಯಿತು. ಅರ್ಧ ನಿಮಿಷದಲ್ಲಿ ಬಣ್ಣದ ಬೋರ್ಡಿಂಗ್ ಪಾಸ್ ಹೊರಬಂತು. ಅದರಲ್ಲಿ ಅವನ ಹೆಸರು ಮಾದನಹಿಪ್ಪರಗಾದ ಬಸ್ಸಿನ ಬೋರ್ಡಿಗಿಂತ ಸ್ಪಷ್ಟವಾಗಿತ್ತು.

"ಮತ್ತ ನಾ ಯಾವಾಗ ಹೋಗೋದು?"

"ನೀವು ಹೋಗಂಗಿಲ್ರಿ ಕಾಕಾ. ಹೆಸರಷ್ಟ ಹೋಗ್ತದ."

"ಹೂಂ, ಸದ್ಯ ಹೆಸರು ಹೋಗ್ಲಿ" ಎಂದ ಕಲ್ಲಿನಾಥ. ಪಾಸಿಗೆ ಲ್ಯಾಮಿನೇಷನ್ ಮಾಡಿಸಿ ತಂದು ಗಿರಣಿಯ ಗೋಡೆಗೆ, ಸ್ಟೂಲಿನ ನೇರಕ್ಕೆ ಮೊಳೆ ಹೊಡೆದ. ಅವನು ಸುಳ್ಳು ಹೇಳಿದ ಎಂದು ಆಮೇಲೆ ಕೆಲವರು ಆಡಿಕೊಂಡರು. ಅದು ಅನ್ಯಾಯ. ಅವನು ನಿಜವನ್ನೇ ಹೇಳಿದ, ಅರ್ಧಕ್ಕೆ ನಿಲ್ಲಿಸಿದ ಅಷ್ಟೆ.

ಮೊದಲು ನೋಡಿದವಳು ಎದುರು ಮನೆಯ ಮುದುಕಿ ಶರಣಬಸಮ್ಮ. "ಏನೋ ಕಲ್ಲಪ್ಪಾ ಇದು, ಯಾವ ದೇವರ ಫೋಟೋ?"

"ದೇವರದಲ್ಲಬೇ ಆಯಿ. ಚಂದ್ರನ ಕಡೆ ಹೋಗೋ ಗಾಡಿದು ಪಾಸು. ನನ್ನ ಹೆಸರು ಮುಂದ ಹೋಗ್ತದ."

ಶರಣಬಸಮ್ಮ ಡಬ್ಬಿಯನ್ನು ಕೆಳಗಿಟ್ಟಳು. ಎಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಓಡಾಡಿದವಳಿಗೆ ಬಿಡಿಸಿ ಹೇಳುವುದೇ ಬೇಕಿರಲಿಲ್ಲ. "ಅಂದ್ರ ದಸ್ತಿ ಒಗದೀ ಅನ್ನು! ಹೆಸರು ಹೋಗಿ ಸೀಟು ಹಿಡಿತದ, ಹಿಂದ ನೀ ಹೋಗ್ತಿ. ಯಪ್ಪಾ, ನಮ್ಮ ಕಲ್ಲಪ್ಪ ಕಡೀಗೂ ಒಂದು ಸೀಟು ಹಿಡದನಲ್ಲೋ!"

ಅವಳು "ಹಿಡದನಲ್ಲೋ" ಎಂದು ಕೂಗಿದ ರೀತಿಗೆ ಸಾಲಿನಲ್ಲಿದ್ದ ಹನ್ನೊಂದು ಹೆಂಗಸರೂ ತಿರುಗಿ ನೋಡಿದರು. ಆ ಹೊತ್ತಿನಲ್ಲಿ ಕಲ್ಲಿನಾಥ ಬಾಯಿ ತೆರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗಿರಣಿ ದೊಡ್ಡ ಸದ್ದಿನಲ್ಲಿ ತಿರುಗುತ್ತಿತ್ತು, ಹನ್ನೊಂದು ಜನ ತನ್ನನ್ನು ಕಣ್ಣರಳಿಸಿ ನೋಡುತ್ತಿದ್ದರು, ಅವನಿಗೆ ಅದು ಬಹಳ ಹಿತವಾಗಿತ್ತು.

ಅನುಮಾನ ಇದ್ದವರು ಬುರಾನುದ್ದೀನ ಚಾಚಾನ ಬಳಿಗೆ ಹೋದರು. ಚಾಚಾ ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ನಾಲ್ಕು ವರ್ಷ ಕಂಟ್ರೋಲರ್ ಆಗಿದ್ದವನು. ನಿವೃತ್ತನಾದರೂ ಕೊರಳಿನ ಸೀಟಿ ಬಿಚ್ಚಿರಲಿಲ್ಲ. ದಸ್ತಿ ವಿಷಯದಲ್ಲಿ ಅವನ ತೀರ್ಪಿನ ಮೇಲೆ ಅಪೀಲಿಲ್ಲ. ಅವನು ಗಿರಣಿಗೆ ಬಂದು, ಪಾಸನ್ನು ಹತ್ತಿರದಿಂದ, ದೂರದಿಂದ, ಕನ್ನಡಕ ತೆಗೆದು ನೋಡಿದ.

"ದಸ್ತಿ ಅಂದ್ರ ಬಟ್ಟಿ, ಗಾಳಿಗ ಹಾರ್ತದ. ಹೆಸರು ಹಾರಂಗಿಲ್ಲ. ಈ ಮನಷ್ಯಾಂದು ಸೀಟು ಬಿಲ್ಕುಲ್ ಪಕ್ಕಾ" ಎಂದು ಸೀಟಿ ಊದಿದ.

ಆ ಸೀಟಿ ಅಡುಗೆಮನೆಯವರೆಗೂ ಕೇಳಿಸಿತು. ಹೆಂಡತಿ ಶಾರದಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. ಪಾಸನ್ನು ಓದಿದಳು. ಅದರಲ್ಲಿ ಒಂದೇ ಹೆಸರಿತ್ತು.

"ಎರಡು ಹಿಡಿಬಾರದಿತ್ತೇನ್ರಿ?" ಎಂದಳು.

ಕಲ್ಲಿನಾಥ ಪಾಸಿನ ಮೇಲಿನ ಹಿಟ್ಟು ಒರೆಸಿದ. ಶಾರದಾಬಾಯಿ ಒಳಗೆ ಹೋದಳು, ಅವನೊಂದಿಗೆ ಮಾತು ಬಿಟ್ಟಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ಇಷ್ಟು ನೋವಾದದ್ದು ಅದೇ ಮೊದಲು. ಮರುದಿನದಿಂದ ಅವನ ರೊಟ್ಟಿ ಬಿಳಿ ಬಟ್ಟೆಯಲ್ಲಿ ಬರುವುದು ನಿಂತು ಹಳೆಯ ಪೇಪರಿನಲ್ಲಿ ಬರತೊಡಗಿತು. ಕಲ್ಲಿನಾಥ ಅದನ್ನು ಗಮನಿಸಲಿಲ್ಲ. ಚಂದ್ರನ ಕಡೆಗೆ ಹೊರಟವರು ಇಂಥ ಸಣ್ಣಪುಟ್ಟದ್ದನ್ನು ಗಮನಿಸುವುದಿಲ್ಲ.

ಊರು ಬುತ್ತಿ ಕಟ್ಟಲು ಶುರು ಮಾಡಿತು. ದೂರ ಹೋಗುವವನಿಗೆ ಮನೆಗೊಂದರಂತೆ ಬುತ್ತಿ ಕೊಡುವುದು ಅಲ್ಲಿಯ ಪದ್ಧತಿ, ಚಂದ್ರನಿಗಿಂತ ದೂರದ ಜಾಗ ಯಾರಿಗೂ ಗೊತ್ತಿರಲಿಲ್ಲ. ಒಂದೇ ವಾರದಲ್ಲಿ ಗಿರಣಿಯ ಮೂಲೆಯಲ್ಲಿ ಖಡಕ್ ರೊಟ್ಟಿಯ ಕಟ್ಟುಗಳು ಮಾಡಿಗೆ ತಾಗಿದವು. ಜೊತೆಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬಾಯಿ ಒಣಗಬಾರದೆಂದು ಒಂದು ಕೊಡ ನೀರು. ಭೂಸನೂರಿನಿಂದ ಪರಿಚಯದವರೊಬ್ಬರು ಅಲ್ಲಿ ನೆಟ್ಟು ನೋಡಲೆಂದು ಎರಡು ಗಣಿಕೆ ಕಬ್ಬು ಕಳಿಸಿದರು. ನೌಕೆ ಮರಳಿ ಬಂದು ಸಮುದ್ರದಲ್ಲಿ ಬೀಳುತ್ತದೆ ಎಂದು ಯಾರೋ ಹೇಳಿದಾಗ ಶರಣಬಸಮ್ಮ ಬೇಸರ ಮಾಡಿಕೊಂಡಳು. "ಅಷ್ಟ ದೂರ ಯಾಕ ಬೀಳ್ತಿ? ಸೊನ್ನ ಬ್ಯಾರೇಜಿನ ನೀರಾಗ ಬೀಳಂದ್ರ ಆಗಂಗಿಲ್ಲೇನು? ಅಲ್ಲಿಂದ ಬಸ್ ಅದ."

ಪರಮೇಶ ಮಾಸ್ತರರು ಗಣತಿಗೆ ಬಂದರು. ಮಾಸ್ತರರಿಗೆ ವರ್ಷಕ್ಕೆ ನಾಲ್ಕು ಗಣತಿ ಇರುತ್ತವೆ, ಇದು ಯಾವುದೆಂದು ಅವರಿಗೂ ನೆನಪಿರಲಿಲ್ಲ. ಮೊಬೈಲ್ ತೆರೆದು ಕೇಳಿದರು: "ಕುಟುಂಬದ ಯಜಮಾನರ ಹೆಸರು?"

"ಕಲ್ಲಿನಾಥ" ಎಂದ ಕಲ್ಲಿನಾಥ.

"ನೀವು ಹೇಳಬ್ಯಾಡ್ರಿ. ನೀವು ಹೋಗವರು. ಇರವರು ಹೇಳ್ರಿ." ಮಾಸ್ತರರು ಶಾರದಾಬಾಯಿಯ ಕಡೆ ತಿರುಗಿದರು. "ಅಕ್ಕಾರೆ, ಯಜಮಾನರು ಹೋಗೋದು ಹೊರ ಜಿಲ್ಲಾಕೋ, ಹೊರ ರಾಜ್ಯಕೋ, ಹೊರ ದೇಶಕೋ?"

"ಮ್ಯಾಲ" ಎಂದಳು ಶಾರದಾಬಾಯಿ.

"ಮ್ಯಾಲ ಅಂತ ಇಲ್ರಿ. ಇತರೆ ಅಂತ ಒತ್ತತೀನಿ. ಹೋಗೋ ಕಾರಣ? ಉದ್ಯೋಗ, ಶಿಕ್ಷಣ, ಮದುವಿ?"

"ಹುಚ್ಚು."

"ಅದೂ ಇಲ್ರಿ ಇದರಾಗ" ಎಂದು ಮಾಸ್ತರರು ಬಹಳ ಹೊತ್ತು ಹುಡುಕಿ, ಕೊನೆಗೆ ಮದುವೆ ಎಂದು ಒತ್ತಿದರು. ಕಲ್ಲಿನಾಥ ಎದುರಿಗೇ ನಿಂತು ಕೆಮ್ಮಿದ. ಹೋಗುವವನ ಕೆಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲಿಂದ ಮುಂದೆ ದಸ್ತಿಗಳು ಬೀಳತೊಡಗಿದವು. ಬೇವಿನ ಗಿಡದ ಕೆಳಗೆ ಅವನು ಮಧ್ಯಾಹ್ನ ಮಲಗುವ ಹೊರಸಿನ ಮೇಲೆ ಒಂದು ಹಸಿರು ಟವೆಲ್ಲು ಕಂಡಿತು. ಚಹಾದ ಅಂಗಡಿಯಲ್ಲಿ ಅವನು ಕೂರುತ್ತಿದ್ದ ಮೂಲೆಯಲ್ಲಿ ಯಾರದೋ ದಸ್ತಿ ಇತ್ತು. ಕಟಿಂಗ್ ಅಂಗಡಿಯ ಕುರ್ಚಿಯ ಮೇಲೆ ಅವನ ಸೋಮವಾರದ ಸರದಿಗೂ ಒಬ್ಬರು ಟೋಪಿ ಇಟ್ಟು ಹೋಗಿದ್ದರು. ಯಾರೂ ಅವನನ್ನು ಎಬ್ಬಿಸಲಿಲ್ಲ, ಒರಟಾಗಿ ಒಂದು ಮಾತಾಡಲಿಲ್ಲ. ಹೋಗುವವನ ಜಾಗ ಖಾಲಿಯಾಗುತ್ತದೆ, ಖಾಲಿ ಜಾಗಕ್ಕೆ ದಸ್ತಿ ಬೀಳುತ್ತದೆ. ಎಲ್ಲ ಕ್ರಮಬದ್ಧವಾಗಿತ್ತು.

ಒಂದು ಶುಕ್ರವಾರ ಜೇವರ್ಗಿಯಿಂದ ಶಾರದಾಬಾಯಿಯ ತಮ್ಮ ವಿಶ್ವಾರಾಧ್ಯ ಬಂದಿಳಿದ. ಅವನು ಆರು ವ್ಯಾಪಾರ ಮಾಡಿ ಆರನ್ನೂ ಬಿಟ್ಟವನು, ಬಿಟ್ಟದ್ದಕ್ಕೆ ಸದಾ ಬೇರೆಯವರೇ ಕಾರಣರು. ಕಲ್ಲಿನಾಥ ಬೆಲ್ಟಿಗೆ ಎಣ್ಣೆ ಬಿಡಲು ಒಳಗೆ ಹೋದದ್ದೇ ತಡ, ಅವನು ಹೆಗಲ ಮೇಲಿನ ಕೆಂಪು ಅಂಚಿನ ಟವೆಲ್ಲನ್ನು ಸ್ಟೂಲಿನ ಮೇಲೆ ಹಾಸಿ ಕೂತುಬಿಟ್ಟ.

"ಏ ವಿಶ್ವಾ, ಏಳು. ಅದು ನನ್ನ ಜಾಗ."

"ಮಾಮಾ, ನಿಮ್ಮ ಜಾಗ ಮ್ಯಾಲ ಅದ" ಎಂದು ವಿಶ್ವಾರಾಧ್ಯ ಭಕ್ತಿಯಿಂದ ಕೈ ಎತ್ತಿ ತೋರಿಸಿದ. "ಇಲ್ಲೀದರ ಚಿಂತಿ ಬಿಡ್ರಿ. ಅಕ್ಕನ ಗಿರಣಿ ನಾ ನೋಡ್ಕೋತೇನಿ."

ಕಲ್ಲಿನಾಥ ಬುರಾನುದ್ದೀನನ ಬಳಿಗೆ ಓಡಿದ. "ಚಾಚಾ, ನಾ ಎಲ್ಲೂ ಹೋಗಾಕತ್ತಿಲ್ಲ! ಹೆಸರಷ್ಟ ಹೋಗ್ತದ! ಖರೇನ ಹೇಳಾಕತ್ತೇನಿ."

ಚಾಚಾ ಮೆಚ್ಚುಗೆಯಿಂದ ನಕ್ಕ. "ದೊಡ್ಡ ಮಂದಿ ಮೊದಲ ಹಿಂಗ ಅಂತಾರ. ಗುಮಾನ ಇಲ್ಲ ನಿನಗ, ಸೊಕ್ಕಿಲ್ಲ, ಶಾಬಾಸ್."

"ಗುಮಾನ ಅಲ್ರಿ, ನನ್ನ ಸ್ಟೂಲು!"

"ನೋಡು ಕಲ್ಲಿನಾಥ, ಒಬ್ಬ ಮನಷ್ಯಾಗ ಒಂದ ಸೀಟು. ಎರಡು ಹಿಡದವನ್ನ ಮೂವತ್ನಾಕು ವರ್ಷದಾಗ ನಾ ಒಬ್ಬನ್ನೂ ಬಿಟ್ಟಿಲ್ಲ. ನಿನಗ ಅಲ್ಲಿ ಆಗ್ಯದ. ಇಲ್ಲಿ ಟವೆಲ್ ಹಾಕಿದವಂದು ಕಾಯಂ."

ಅದೇ ಹೊತ್ತಿಗೆ ನೌಕೆಯ ಇಂಧನದ ಟಾಕಿ ಸೋರುತ್ತಿದೆ ಎಂದು ದಿನ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಮುಂದಕ್ಕೆ ಹೋಯಿತು. ಬಸ್ಸಿಗೆ ಕಾದು ರೂಢಿ ಇದ್ದ ಊರು ಬೇಸರಪಡಲಿಲ್ಲ. ಬೇಸರವಾದದ್ದು ಕಲ್ಲಿನಾಥನಿಗೆ. ತನ್ನದೇ ಗಿರಣಿಯಲ್ಲಿ ನಿಂತು, ಡಬ್ಬಿ ಹೊತ್ತು, "ಮಾಮಾ, ಗೌಡರ ಡಬ್ಬಿ ಮೊದಲ ಹಾಕ್ರಿ" ಎಂಬ ಆಜ್ಞೆ ಕೇಳುತ್ತ ಅವನು ದಿನ ಕಳೆದ. ಸಾಲು ಕೆಟ್ಟಿತು. ಸ್ಟೂಲಿನ ಬಳಿ ನಿಂತು ಹೊಗಳಿದವರ ಡಬ್ಬಿ ಮುಂದೆ ಹೋಗುತ್ತಿತ್ತು. ನಸುಕಿನಲ್ಲಿ ಡಬ್ಬಿ ಇಟ್ಟ ಹೆಂಗಸರು ಮಧ್ಯಾಹ್ನದವರೆಗೆ ಕೂತು ಕಲ್ಲಿನಾಥನನ್ನು ದುರುಗುಟ್ಟಿ ನೋಡುತ್ತಿದ್ದರು, ಹಾಳು ಚಂದ್ರ ಇವನಿಗೇಕೆ ಬೇಕಿತ್ತು ಎಂಬಂತೆ.

ಕೊನೆಗೂ ನೌಕೆ ಹಾರಿತು. ಊರಿಗೆ ಊರೇ ಗಿರಣಿಯಲ್ಲಿ ಸೇರಿ, ರೊಟ್ಟಿ ಕಟ್ಟಿಗೆ ಆನಿಸಿಟ್ಟ ಮೊಬೈಲಿನಲ್ಲಿ ನೋಡಿತು. ಒಳಗೆ ಮೂರು ಗಂಡಸರು, ಒಬ್ಬ ಹೆಣ್ಣುಮಗಳು ಕೂತಿದ್ದರು.

"ನೋಡ್ರಿ, ಅವರು ಹೆಣ್ಣಮಗಳಿಗೊಂದು ಸೀಟು ಹಿಡದಾರ" ಎಂದಳು ಶಾರದಾಬಾಯಿ, ಯಾರನ್ನೂ ನೋಡದೆ.

ನೌಕೆ ಕೆಲವು ದಿನ ಹೋಯಿತು, ಚಂದ್ರನ ಹಿಂದಿನಿಂದ ಸುತ್ತು ಹಾಕಿತು, ಇಳಿಯದೆ ಬಂದ ದಾರಿ ಹಿಡಿಯಿತು. ಗಿರಣಿಯಲ್ಲಿ ಗಲಾಟೆ ಎದ್ದಿತು.

"ನಿಂದ್ರಲಿಲ್ಲಲ್ಲೋ!" ಎಂದಳು ಶರಣಬಸಮ್ಮ.

"ಆಯಿ, ಅದಕ್ಕ ಅಲ್ಲಿ ಸ್ಟಾಪ್ ಇಲ್ಲ" ಎಂದರು ಮಾಸ್ತರರು.

"ಸ್ಟಾಪ್ ಇಲ್ಲದ ಗಾಡಿಗ ದಸ್ತಿ ಒಗದೀಯೇನೋ ಕಲ್ಲಪ್ಪಾ? ಎಕ್ಸ್‌ಪ್ರೆಸ್ಸೋ ಲೋಕಲ್ಲೋ ಕೇಳಬಾರದೇನು?"

ಅವಮಾನವಾದರೂ ಕಲ್ಲಿನಾಥನಿಗೆ ಒಳಗೊಳಗೇ ಖುಷಿಯಾಯಿತು. ಗಾಡಿ ಮರಳಿತು, ಹೆಸರು ಮರಳಿತು, ಇನ್ನು ಸ್ಟೂಲು ಮರಳಬೇಕು. ಅವನು ಚಾಚಾನ ಮುಖ ನೋಡಿದ.

ಚಾಚಾ ತಲೆಯಾಡಿಸಿದ. "ಗಾಡಿ ಡಿಪೋಕ್ಕ ವಾಪಸ್ ಬಂದ್ರ ಒಳಗಿನ ದಸ್ತಿ ರದ್ದು. ಮ್ಯಾಲಿನ ಸೀಟು ಹೋತು. ಆದ್ರ ಇಲ್ಲಿ ವಿಶ್ವಾರಾಧ್ಯಂದು ಟವೆಲ್ ಚಾಲೂ ಅದ. ಈಗ ನಿನಗ ಅಲ್ಲೂ ಇಲ್ಲ, ಇಲ್ಲೂ ಇಲ್ಲ."

ವಿಶ್ವಾರಾಧ್ಯ ಕಾಲ ಮೇಲೆ ಕಾಲು ಹಾಕಿದ. "ಮುಂದೊಂದು ಗಾಡಿ ಖರೇನ ಇಳಿತದಂತ ಮಾಮಾ. ಅದಕ್ಕ ಕಾಯ್ರಿ. ನಾ ಇಲ್ಲೇ ಇರ್ತೇನಿ."

ಕಲ್ಲಿನಾಥ ಗಿರಣಿಯ ಹಿಂದೆ ಹೋಗಿ ಅತ್ತ. ಕೆನ್ನೆಯ ಮೇಲಿನ ಹಿಟ್ಟಿಗೆ ಕಣ್ಣೀರು ಬೆರೆತು ಎರಡು ರೊಟ್ಟಿಗಾಗುವಷ್ಟು ಕಣಕವಾಯಿತು. ಅಪ್ಪನ ಸ್ಟೂಲು ಹೋಯಿತು, ಹೆಂಡತಿಯ ಮಾತು ಹೋಯಿತು, ಎಲ್ಲ ಒಂದು ಬಣ್ಣದ ಹಾಳೆಗಾಗಿ. ಮುಖ ಒರೆಸಿಕೊಳ್ಳುತ್ತಿರುವಾಗ ಅವನ ಬದುಕಿನಲ್ಲಿ ಹಿಂದೆಂದೂ ಆಗದ ಒಂದು ಸಂಗತಿ ಘಟಿಸಿತು. ಅವನಿಗೆ ಒಂದು ಉಪಾಯ ಹೊಳೆಯಿತು.

ಮರುದಿನ ಮೊದಲ ಬಸ್ಸಿಗೆ ನಿಂತುಕೊಂಡೇ ಆಳಂದಕ್ಕೆ ಹೋದ. "ತಸ್ಲೀಮ, ಬ್ಯಾರೇದವರ ಹೆಸರು ಹಾಕಬಹುದೇನಮ್ಮಾ? ಚಂದ್ರ ಬ್ಯಾಡ. ಇನ್ನೂ ದೂರ ಏನರ ಅದೇನು?"

"ಮಂಗಳಕ್ಕ ಅದ ಕಾಕಾ. ಮುಂದ ಯಾವಾಗೋ ಹೋಗ್ತದ."

"ಎಷ್ಟ ದಿನದ ದಾರಿ?"

"ಹೋಗಾಕ ಏಳು ತಿಂಗಳಂತ್ರಿ."

"ಬಾಳ ಚಲೋ ಆತು. ಬರಕೋ: ವಿಶ್ವಾರಾಧ್ಯ, ಜೇವರ್ಗಿ."

ಮಧ್ಯಾಹ್ನ ಅವನು ಊರಿಗೆ ಬಂದದ್ದು ಹಾರ, ಶಾಲು, ಲ್ಯಾಮಿನೇಷನ್ ಮಾಡಿಸಿದ ಪಾಸಿನೊಂದಿಗೆ. ಬಸ್ಸಿನಿಂದ ಇಳಿಯುತ್ತಲೇ ಕೂಗು ಹಾಕಿದ. "ಬರ್ರಿ, ಎಲ್ಲಾರೂ ಬರ್ರಿ! ನಮ್ಮ ವಿಶ್ವನ ಹೆಸರು ಮಂಗಳಕ್ಕ ಹೊಂಟದ!"

ಚಂದ್ರ ಕೈಕೊಟ್ಟ ಸಂಕಟದಲ್ಲಿದ್ದ ಊರಿಗೆ ಹೋದ ಜೀವ ಬಂದಂತಾಯಿತು. ಗಿರಣಿ ತುಂಬಿತು. ಚಾಚಾ ಪಾಸನ್ನು ಹತ್ತಿರದಿಂದ, ದೂರದಿಂದ ನೋಡಿ ಪಕ್ಕಾ ಎಂದು ಸೀಟಿ ಊದಿದ. ಶರಣಬಸಮ್ಮ ಮೂಲೆಯ ರೊಟ್ಟಿ ಕಟ್ಟಿನಿಂದ ಒಂದನ್ನು ತೆಗೆದು ಮುರಿದು ನೋಡಿದಳು. "ಖಡಕ್ ಅವ. ಏಳು ತಿಂಗಳು ಆರಾಮ ಬರ್ತಾವ, ಒಯ್ಯೋ ತಮ್ಮಾ."

"ನಾ ಹೋಗಂಗಿಲ್ಲ! ನಾ ಹೆಸರೇ ಕೊಟ್ಟಿಲ್ಲ!" ಎಂದು ವಿಶ್ವಾರಾಧ್ಯ ಕಿರುಚಿದ.

"ನೋಡ್ರಿ ಇವನಿಗೂ ಗುಮಾನ ಇಲ್ಲ" ಎಂದು ಚಾಚಾ ಕಣ್ಣೊರೆಸಿಕೊಂಡ. "ಇದು ಇವರ ಖಾನದಾನದಾಗ ಅದ."

ಪರಮೇಶ ಮಾಸ್ತರರು ಮೊಬೈಲ್ ತೆರೆದು ಮತ್ತೆ "ಇತರೆ" ಒತ್ತಿದರು. ಕಲ್ಲಿನಾಥ ಹಾರ ಹಿಡಿದು ಮುಂದೆ ಬಂದ. ಕೂತುಕೊಂಡು ಹಾರ ಹಾಕಿಸಿಕೊಳ್ಳುವುದು ನಮ್ಮಲ್ಲಿ ಮಂತ್ರಿಗಳಿಗೆ ಮಾತ್ರ ಸಾಧ್ಯ. ವಿಶ್ವಾರಾಧ್ಯ ಎಷ್ಟು ಪ್ರತಿಭಟಿಸುತ್ತಿದ್ದರೂ ಹಾರ ಕಂಡದ್ದೇ ಅವನ ಕೊರಳು ತಾನಾಗಿ ಬಾಗಿತು, ಬಾಗಿದ ಕೊರಳಿನ ಹಿಂದೆ ಮೈಯೂ ಎದ್ದು ನಿಂತಿತು.

ಅದೇ ಗಳಿಗೆಯಲ್ಲಿ ಕಲ್ಲಿನಾಥ ಹೆಗಲಿನ ದಸ್ತಿ ಎಳೆದು, ಎಂಟು ಮೊಳ ದೂರದಿಂದ, ಐವತ್ತೆರಡು ವರ್ಷದ ಸೋಲನ್ನೆಲ್ಲ ಸೇರಿಸಿ ಒಗೆದ. ಅದು ಮಾಸ್ತರರ ಕಿವಿಯ ಪಕ್ಕದಿಂದ ಹಾರಿ, ರೊಟ್ಟಿ ಕಟ್ಟುಗಳನ್ನು ದಾಟಿ, ಸ್ಟೂಲಿನ ನಟ್ಟನಡುವೆ ಬಿತ್ತು. ಸಾಲಿನ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

"ಚಾಚಾ, ಒಬ್ಬ ಮನಷ್ಯಾಗ?" ಎಂದು ಕೇಳಿದ ಕಲ್ಲಿನಾಥ.

"ಒಂದ ಸೀಟು" ಎಂದ ಚಾಚಾ. "ಇವಂದು ಮಂಗಳದಾಗ. ಟವೆಲ್ ರದ್ದು. ತಗೀರಿ ಅದನ್ನ."

ತೆಗೆಯಲು ಮುಂದೆ ಬಂದವಳು ಶಾರದಾಬಾಯಿ. ಮೊದಲು ಗಂಡನ ದಸ್ತಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಆಮೇಲೆ ತಮ್ಮನ ಟವೆಲ್ಲನ್ನು ಎಳೆದು ಅವನ ಹೆಗಲಿಗೆ ಹಾಕಿದಳು. ಟವೆಲ್ಲಿನ ಕೆಳಗೆ, ಹಿಟ್ಟಿಗೆ ಹಿಟ್ಟಾಗಿ ಬೆರೆತು ಯಾರ ಕಣ್ಣಿಗೂ ಬೀಳದೆ, ಒಂದು ಬಿಳಿ ಬಟ್ಟೆ ಇತ್ತು. ರೊಟ್ಟಿ ಕಟ್ಟುವ ಬಟ್ಟೆ.

"ಇದು ನಂದು" ಎಂದಳು. "ಗ್ವಾಡಿಮ್ಯಾಲಿನ ಪಾಸು ಓದಿದ ದಿವಸ ಹಾಕೀನಿ. ಅಲ್ಲಿ ನನಗೊಂದು ಹಿಡೀಲಿಲ್ಲ ನೀವು. ಅದಕ್ಕ ಇಲ್ಲಿ ನಾ ಹಿಡಕೊಂಡೀನಿ."

ಚಾಚಾ ಬಗ್ಗಿ ಬಟ್ಟೆಯ ಅಂಚನ್ನು ಪರೀಕ್ಷಿಸಿದ. ಅದರ ಮೇಲೆ ಹಿಟ್ಟು ಎಷ್ಟು ಗಟ್ಟಿ ಕೂತಿದೆ ಎಂದು ಉಗುರಿನಿಂದ ಕೆರೆದು ನೋಡಿದ. "ಎಲ್ಲಾಕಿಂತ ಮೊದಲಿಂದು ಇದ" ಎಂದು ನೆಟ್ಟಗೆ ನಿಂತು, ತನ್ನ ನೌಕರಿಯ ಕಾಲದಲ್ಲೂ ಊದದಷ್ಟು ಉದ್ದಕ್ಕೆ ಸೀಟಿ ಊದಿದ.

ಶಾರದಾಬಾಯಿ ಕೂತಳು. ಕೂತವಳೇ ಸಾಲನ್ನೊಮ್ಮೆ ನೋಡಿ, "ಗೌಡರ ಡಬ್ಬಿ ಹಿಂದ ಇಡ್ರಿ. ಆಯಿದು ಮೊದಲ" ಎಂದಳು. ಒಂದು ಡಬ್ಬಿಯೂ ಮಾತಾಡಲಿಲ್ಲ. ವಿಶ್ವಾರಾಧ್ಯ ಮುಂದಿನ ಬಸ್ಸಿಗೆ ರೊಟ್ಟಿ ಕಟ್ಟು ಹೊತ್ತು ಜೇವರ್ಗಿಯ ದಾರಿ ಹಿಡಿದ. ಮಂಗಳಕ್ಕೆ ಹೋಗುವವನೆಂದು ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರಂತೆ.

ಕಲ್ಲಿನಾಥ ದಸ್ತಿ ಕೊಡವಿ ಹೆಗಲಿಗೆ ಹಾಕಿಕೊಂಡ. ಜೀವಮಾನದಲ್ಲಿ ಗುರಿ ಮುಟ್ಟಿದ ಒಂದೇ ದಸ್ತಿ ಅದು, ಅದೂ ಉಪಯೋಗಕ್ಕೆ ಬರಲಿಲ್ಲ.

"ತಪ್ಪಾತು ಶಾರದಾ" ಎಂದ. "ನಿನ್ನ ಹೆಸರು ಬರಸಬೇಕಿತ್ತು. ಖರೇನ ಮರತೆ."

ಅವಳು ಇನ್ನೆರಡು ಡಬ್ಬಿ ಬೀಸಿ ಮುಗಿಯುವವರೆಗೆ ಅವನನ್ನು ನಿಲ್ಲಿಸಿದಳು. ಆಮೇಲೆ ಒಂದು ಗೇಣು ಪಕ್ಕಕ್ಕೆ ಸರಿದಳು. ಕಲ್ಲಿನಾಥ ಓಡಿಬಂದು ಕೂತ. ಸ್ಟೂಲು ಒಬ್ಬರಿಗೆಂದು ಮಾಡಿದ್ದು, ಅವನ ಪಾಲಿಗೆ ಬಂದದ್ದು ಒಂದು ಅಂಚು. ಅವನ ಅರ್ಧ ಮೈ ಅದರ ಮೇಲಿತ್ತು, ಉಳಿದರ್ಧ ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು. ಅವನು ಹಾಗೆಯೇ ಸಂಜೆಯವರೆಗೆ ಕೂತಿದ್ದ.